ಎಂಟ್ರಿ ಹೊಡೆಯುವುದರ ಆಚೆಗೆ: ಲೆಕ್ಕದ ಕೆಲಸ ಹಿಡಿಯುವವರ ಪ್ರಶ್ನೆಗಳು

ನಾನು ಸಿಂಧನೂರಿನವ. ಬಿಕಾಂ ಕೊನೆಯ ಸೆಮಿಸ್ಟರ್, ಇಲ್ಲಿಯವರೆಗೆ ಶೇ 61 ಅಂಕ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಅಪ್ಪ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿತು ರೈಸ್ ಮಿಲ್‌ಗೆ ಸೇರು ಅಂತಾರೆ. ನನಗೆ ಸಿಎ ಮಾಡುವ ಆಸೆ. ಇಂಗ್ಲಿಷ್ ಅಂದ್ರೆ ಅಂಜಿಕೆ, ಮನೆಯಲ್ಲಿ ದುಡ್ಡಿನ ಅಡಚಣೆ. ಏನು ಮಾಡಲಿ ಮೇಡಂ?

ತಮ್ಮಾ, ಮೊದಲು ಒಂದು ಒಳ್ಳೆಯ ಸುದ್ದಿ. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕ ಪಡೆದವರಿಗೆ ಸಿಎ ಓದಿನ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬೇಕಿಲ್ಲ. ನೀವು ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಇದು ಗೊತ್ತಿಲ್ಲದೆ ಪದವಿ ಮುಗಿದ ಮೇಲೂ ಫೌಂಡೇಶನ್ ಕೋಚಿಂಗ್‌ಗೆ ಹಣ ಕಟ್ಟುವ ಮಕ್ಕಳಿದ್ದಾರೆ.

ಇಂಟರ್‌ನಲ್ಲಿ ಎರಡು ಗ್ರೂಪ್, ಒಟ್ಟು ಆರು ಪತ್ರಿಕೆ. ಪ್ರತಿ ಪತ್ರಿಕೆಯಲ್ಲಿ 40 ಬರಬೇಕು, ಗ್ರೂಪ್‌ನ 300ರಲ್ಲಿ 150 ಆಗಬೇಕು. ಎಡವುವುದು ಹೆಚ್ಚಾಗಿ ಈ ಎರಡನೆಯ ಲೆಕ್ಕದಲ್ಲೇ. ಮೂರರಲ್ಲೂ 42, 44 ಅಂತ ಬಂದರೆ ಪತ್ರಿಕೆಗಳು ಪಾಸು, ಗ್ರೂಪ್ ಫೇಲು. ಹಾಗಾಗಿ ನಿಮಗೆ ಸಲೀಸಾದ ಒಂದು ಪತ್ರಿಕೆಯಲ್ಲಿ 60 ದಾಟುವಷ್ಟು ಓದಿ. ಗ್ರೂಪ್ ಹೋದರೂ 60 ಬಂದ ಪತ್ರಿಕೆಗೆ ಮುಂದಿನ ಮೂರು ಸಲ ವಿನಾಯಿತಿ ಇರುತ್ತದೆ. ಎರಡೂ ಗ್ರೂಪ್ ಆದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ. 2023ರ ಹೊಸ ಪದ್ಧತಿಗೆ ಮುಂಚೆ ಅದು ಮೂರು ವರ್ಷ ಇತ್ತು.

ಇಂಗ್ಲಿಷ್ ವಿಷಯ ಮುಚ್ಚಿಡುವುದಿಲ್ಲ. ಪರೀಕ್ಷೆ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ ಇದೆ, ಕನ್ನಡದಲ್ಲಿ ಇಲ್ಲ. ಆದರೆ ಅಲ್ಲಿ ಬೇಕಾಗಿರುವುದು ಮಾತಾಡುವ ಇಂಗ್ಲಿಷ್ ಅಲ್ಲ. ಕಾನೂನು ಏನು ಹೇಳುತ್ತದೆ, ಇಲ್ಲಿ ಏನಾಗಿದೆ, ಆದ್ದರಿಂದ ತೀರ್ಮಾನ ಏನು: ಮೂರು ಸಣ್ಣ ಪ್ಯಾರಾದಲ್ಲಿ ಸರಳ ವಾಕ್ಯ ಬರೆಯಲು ಬಂದರೆ ಸಾಕು. ಲಾ ಪತ್ರಿಕೆಯ ಒಂದು ಉತ್ತರವನ್ನು ದಿನಾ ಕೈಯಲ್ಲಿ ಬರೆಯಿರಿ. ವಿಡಿಯೋ ನೋಡುವುದರಿಂದ ಬರವಣಿಗೆ ಬರುವುದಿಲ್ಲ.

ಇನ್ನು ಅಪ್ಪನ ಮಾತು. ಅದನ್ನು ತೆಗೆದುಹಾಕಬೇಡಿ. ಕಿರ್ದಿ, ಖಾತೆ ಬರೆದ ಗುಮಾಸ್ತರ ಮನೆಯ ಮಕ್ಕಳಿಗೆ ಜಮಾ ಯಾವುದು, ಖರ್ಚು ಯಾವುದು ಅನ್ನುವುದು ಬೇಗ ಕೈಗೆ ಹತ್ತುತ್ತದೆ. ನಿಮ್ಮ ಕಡೆಯ ಮಿಲ್ಲುಗಳೇ ಒಳ್ಳೆಯ ಪಾಠಶಾಲೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಾಕಿದ ಅಕ್ಕಿ ಪ್ಯಾಕೆಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆ ಇಲ್ಲ. 26 ಕೆಜಿ ಚೀಲ ಮಾರುಕಟ್ಟೆಗೆ ಬಂದದ್ದು ಹೀಗೆ.

ಈಗ ಒಂದು ಮಿಲ್ಲು ತಿಂಗಳಿಗೆ 1 ಕೋಟಿ ರೂಪಾಯಿ ಅಕ್ಕಿ ಮಾರುತ್ತದೆ ಅನ್ನಿ. ಅದರಲ್ಲಿ 20 ಲಕ್ಷದ್ದು 10 ಕೆಜಿ ಪ್ಯಾಕೆಟ್, ಉಳಿದ 80 ಲಕ್ಷದ್ದು 26 ಕೆಜಿ ಚೀಲ. ಯಂತ್ರದ ಬಿಡಿಭಾಗ, ರಿಪೇರಿ ಇಂಥ ಸಾಮಾನ್ಯ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿ 50,000 ರೂಪಾಯಿ. ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದೇ ಕ್ರೆಡಿಟ್; ಟ್ಯಾಲಿ ಮಾತ್ರ ಕಲಿತವರು ಪೂರ್ತಿ 50,000 ಕ್ರೆಡಿಟ್ ತೆಗೆದುಬಿಡುತ್ತಾರೆ. ನಿಯಮ ಬಲ್ಲವರು ತೆರಿಗೆ ಇರುವ ಮಾರಾಟದ ಪಾಲಿಗೆ ತಕ್ಕಂತೆ 10,000 ಇಟ್ಟುಕೊಂಡು 40,000 ರಿವರ್ಸ್ ಮಾಡುತ್ತಾರೆ, ಅಂದರೆ ಬಿಟ್ಟುಕೊಡುತ್ತಾರೆ. 26 ಕೆಜಿಯ ಖಾಲಿ ಚೀಲ ಕೊಂಡದ್ದಕ್ಕಂತೂ ಕ್ರೆಡಿಟ್ಟೇ ಇಲ್ಲ. ತಪ್ಪು ಮಾಡಿದರೆ ಒಂದೆರಡು ವರ್ಷ ಬಿಟ್ಟು ಸಾಹುಕಾರರಿಗೆ ಬಡ್ಡಿ ಸಮೇತ ನೋಟಿಸ್. ಎಂಟ್ರಿ ಹೊಡೆಯುವವರಿಗೂ ಲೆಕ್ಕ ಬಲ್ಲವರಿಗೂ ಸಂಬಳದಲ್ಲಿ ಅಂತರ ಬರುವುದು ಇಂಥ ಕಡೆ. ಹಾಗಾಗಿ ಟ್ಯಾಲಿ ಕಲಿಯಿರಿ, ಆದರೆ ಅದನ್ನೇ ಓದು ಅಂದುಕೊಳ್ಳಬೇಡಿ.

ಹಣದ ವಿಷಯಕ್ಕೆ ನನ್ನ ಸಲಹೆ ಇಷ್ಟು: ಈಗಲೇ ಬೆಂಗಳೂರು, ಹೈದರಾಬಾದ್‌ಗೆ ಹೋಗಿ ರೂಮು ಮಾಡಬೇಡಿ. ಇಂಟರ್ ಓದನ್ನು ಊರಲ್ಲಿದ್ದೇ ಆನ್‌ಲೈನ್ ತರಗತಿ ಮತ್ತು ಸಂಸ್ಥೆಯ ಸ್ಟಡಿ ಮೆಟೀರಿಯಲ್‌ನಲ್ಲಿ ಮಾಡಬಹುದು. ಮಿಲ್ಲಿನಲ್ಲಿ ಅರ್ಧ ದಿನದ ಕೆಲಸ ಸಿಕ್ಕರೆ ಹಿಡಿಯಿರಿ, ಪೂರ್ತಿ ದಿನದ್ದು ಬೇಡ. ಪೂರ್ತಿ ದಿನ ದುಡಿದು ರಾತ್ರಿ ಸಿಎ ಓದುತ್ತೇನೆ ಅನ್ನುವುದು ಸುಗ್ಗಿಯ ತನಕ ನಡೆಯುತ್ತದೆ, ಆಮೇಲೆ ಪುಸ್ತಕ ಮೂಲೆ ಸೇರುತ್ತದೆ. ಆರ್ಟಿಕಲ್‌ಶಿಪ್ಪನ್ನು ರಾಯಚೂರು, ಬಳ್ಳಾರಿಯಲ್ಲೇ ಮಾಡಿದರೂ ನಷ್ಟವಿಲ್ಲ. ಸ್ಟೈಪೆಂಡ್ ಕಡಿಮೆ, ಆದರೆ ಸಣ್ಣ ಆಫೀಸಿನಲ್ಲಿ ಆಡಿಟ್, ಜಿಎಸ್‌ಟಿ, ಆದಾಯ ತೆರಿಗೆ ಮೂರೂ ಕೈಗೆ ಬರುತ್ತವೆ. ಬಳ್ಳಾರಿಯಲ್ಲಿ ಸಿಎ ಸಂಸ್ಥೆಯ ಶಾಖೆಯೂ ಇದೆ, ಒಮ್ಮೆ ಹೋಗಿ ಬನ್ನಿ. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ನಡೆಯುವುದರಿಂದ, ಎರಡು ವರ್ಷ ಮನಸ್ಸಿಟ್ಟು ಓದಿಯೂ ಒಂದು ಗ್ರೂಪ್ ಆಗದಿದ್ದರೆ ಆಗ ಕೂತು ಬೇರೆ ದಾರಿ ಯೋಚಿಸಿ. ಅಪ್ಪನಿಗೂ ಈ ಗಡುವನ್ನು ಈಗಲೇ ಹೇಳಿ. ಎಷ್ಟು ದಿನ ಅಂತ ಗೊತ್ತಿದ್ದರೆ ಅವರಿಗೂ ಧೈರ್ಯ.

ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಐದು ವರ್ಷದಿಂದ ಬಿಲ್ಲಿಂಗ್, ಟ್ಯಾಲಿ ಮಾಡುತ್ತಿದ್ದೇನೆ. ಬಿಕಾಂ ಆಗಿದೆ, ವಯಸ್ಸು 29, ಮಗು ಸಣ್ಣದು. ಸಂಬಳ ಏರುತ್ತಿಲ್ಲ. ಇನ್ನು ಏನು ಓದಲು ಸಾಧ್ಯ?

ತಂಗಿ, ಓದಿನ ಮಾತು ಆಮೇಲೆ. ನಿಮ್ಮ ಮೇಜಿನ ಮೇಲೆ ಇರುವ ಕೆಲಸದಲ್ಲೇ ಎರಡನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ. ಒಂದು, ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ 2ಬಿ ಪಟ್ಟಿಯನ್ನು (ನಿಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡುವುದು. ಬಟ್ಟೆ ಕಳಿಸಿದ ಹೊರರಾಜ್ಯದ ವ್ಯಾಪಾರಿ ರಿಟರ್ನ್ ಹಾಕದಿದ್ದರೆ ನಿಮ್ಮ ಮಾಲೀಕರ ಕ್ರೆಡಿಟ್ ನಿಲ್ಲುತ್ತದೆ. ಬಾಕಿ ಹಣ ಹೋಗುವ ಮುಂಚೆ ಅದನ್ನು ಹೇಳಿದರೆ ನಿಮ್ಮ ಬೆಲೆ ಅವರಿಗೆ ತಾನಾಗಿ ತಿಳಿಯುತ್ತದೆ. ಎರಡು, ಹೊಲಿಗೆಗೆ, ವಾಷಿಂಗ್‌ಗೆ ಹೊರಗೆ ಕಳಿಸಿದ ಮಾಲಿನ ಚಲನ್ ಪುಸ್ತಕ. ಜಾಬ್‌ವರ್ಕ್‌ಗೆ ಹೋದ ಬಟ್ಟೆ ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ ಹಿಡಿದು ತೆರಿಗೆ ಬೀಳುತ್ತದೆ. ಎಷ್ಟು ಪೀಸ್ ಹೋಯಿತು, ಎಷ್ಟು ಬಂತು, ಎಷ್ಟು ಕೆಟ್ಟಿತು ಅನ್ನುವುದು ಮೇಸ್ತ್ರಿಯ ನೆನಪಿನಲ್ಲಿ ಇರುವ ಯೂನಿಟ್‌ಗಳೇ ಹೆಚ್ಚು. ಅದು ನಿಮ್ಮ ರಿಜಿಸ್ಟರ್‌ಗೆ ಬರಲಿ.

ಬಿಕಾಂ ಆದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಬಹುದು, ಪರೀಕ್ಷೆ ಪಾಸು ಮಾಡಬೇಕು. ಮನೆಯಿಂದಲೇ ನಾಲ್ಕಾರು ಸಣ್ಣ ಯೂನಿಟ್‌ಗಳ ರಿಟರ್ನ್ ನೋಡಲು ಮಗುವಿರುವ ನಿಮಗೆ ಇದು ಹೊಂದುತ್ತದೆ. ದೊಡ್ಡ ಓದು ಬೇಕೆಂದರೆ ಸಿಎಂಎ ನೋಡಿ, ಅದು ಉತ್ಪಾದನಾ ವೆಚ್ಚದ ಲೆಕ್ಕ ಕಲಿಸುವ ಕೋರ್ಸ್. ಪದವೀಧರರಿಗೆ ಅಲ್ಲಿಯೂ ಫೌಂಡೇಶನ್ ಇಲ್ಲ. ಒಂದು ಪ್ಯಾಂಟಿಗೆ ಬಟ್ಟೆ, ದಾರ, ಜಿಪ್, ಮಜೂರಿ ಎಷ್ಟು ಅಂತ ಲೆಕ್ಕ ಹಾಕಿ ರೂಢಿಯಿರುವ ನಿಮಗೆ ಕಾಸ್ಟಿಂಗ್ ಹೊಸದೇನಲ್ಲ. ತೋರಣಗಲ್ಲು, ಗಿಣಿಗೇರಾ ಕಡೆಯ ಉಕ್ಕಿನ ಉದ್ಯಮಕ್ಕೆ ಈ ವಿದ್ಯೆ ನೇರವಾಗಿ ಬೇಕಾದದ್ದು.

ಕೊಪ್ಪಳದಿಂದ: ಎಂಕಾಂ ಮುಗಿದಿದೆ. ಸರ್ಕಾರಿ ಲೆಕ್ಕ ಸಹಾಯಕ ಹುದ್ದೆಗೆ ಕಾಯುತ್ತ ಓದುತ್ತಿದ್ದೇನೆ. ಸರಿಯೇ?

ಓದಿ, ಆದರೆ ಬರೀ ಕಾಯುತ್ತ ಕೂರಬೇಡಿ. ಅಧಿಸೂಚನೆ ಯಾವಾಗ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಈ ನಡುವೆ ಯಾವುದಾದರೂ ಆಡಿಟರ್ ಆಫೀಸಿಗೆ ಸೇರಿಕೊಳ್ಳಿ. ಅಲ್ಲಿ ಕೇಳಿ ಕಲಿಯುವುದಕ್ಕೆ ಈಗ ಒಳ್ಳೆಯ ಸಮಯ: 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಕಲಮುಗಳ ಸಂಖ್ಯೆ ಹಿರಿಯರಿಗೂ ಹೊಸದು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಅರ್ಹತಾ ಪ್ರಮಾಣಪತ್ರ ಮಾಡಿಸಿದ್ದೀರಾ? ಇಲ್ಲದಿದ್ದರೆ ಅಧಿಸೂಚನೆಗೆ ಕಾಯದೆ ಈ ವಾರವೇ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಹಾಕಿ. ಶಾಲಾ ದಾಖಲೆಯಲ್ಲೂ ಆಧಾರ್‌ನಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಅಂತ ಮೊದಲು ನೋಡಿಕೊಳ್ಳಿ.