ಪದ್ಮಿನಿ ಹತ್ತು ನಿಮಿಷ ಓಡಿ ನಿಲ್ಲುತ್ತಿದ್ದರೆ

ನೀವೂ ನಿಮ್ಮ ಮಗನೂ ಸೇರಿ ರಿಪೇರಿ ಮಾಡುತ್ತಿರುವ ಹಳೆ ಕಾರು ಓಡುತ್ತಾ ನಿಲ್ಲುತ್ತಿದೆ, ಮೆಕ್ಯಾನಿಕ್ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬದಲಿಸಿ ಅಂದರು ಎಂದಿದ್ದೀರಿ. ಅವರು ಹೇಳಿದರೆಂದು ಈಗಲೇ ಬದಲಿಸಬೇಡಿ. ಎಂಟು ವರ್ಷ ನಿಂತಿದ್ದ ಪ್ರೀಮಿಯರ್ ಪದ್ಮಿನಿ ಹತ್ತು ನಿಮಿಷ ಓಡಿ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದರೆ, ಟ್ಯಾಂಕಿನೊಳಗಿನ ತುಕ್ಕು ಪೆಟ್ರೋಲ್ ಪೈಪಿನ ಬಾಯಿ ಕಟ್ಟುತ್ತಿರಬೇಕು. ಎಂಜಿನ್ ನಿಂತಾಗ ಎಳೆತ ಇರುವುದಿಲ್ಲ, ಕಸ ಕೆಳಗೆ ಕೂರುತ್ತದೆ. ನಾನೂ ಮಗಳೂ ಇದನ್ನೇ ಕಂಡೆವು, ಅದೂ ಕಾರ್ಬ್ಯುರೇಟರ್‌ಗೆ ದುಡ್ಡು ಸುರಿದ ಮೇಲೆ.

ಮುಂದಿನ ಸಲ ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಸೂಜಿಯಲ್ಲಿ ಬಿಡಿಸಿ, ಖರ್ಚು ಸೊನ್ನೆ. ಸದ್ದಿಲ್ಲದಿದ್ದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ ಓಡಿಸಿ. ನಿಂತಾಗ ಅದು ಖಾಲಿ ಅಥವಾ ಕಂದು ಬಣ್ಣ ಆಗಿದ್ದರೆ ಟ್ಯಾಂಕ್ ಇಳಿಸಲೇಬೇಕು.

ಎಂಜಿನ್ ತಣ್ಣಗಾದ ಮೇಲೆ, ಬ್ಯಾಟರಿ ವೈರ್ ಬಿಚ್ಚಿ, ಬಯಲಲ್ಲೇ ಮಾಡಿ. ಪೆಟ್ರೋಲ್ ತೆಗೆಯುವ ಕೆಲಸ ನಿಮ್ಮದು, ಮಗನಿಗೆ ಬೇಡ. ಸೋಪುನೀರಲ್ಲಿ ತೊಳೆದು, ವಿನೆಗರ್ ಜೊತೆ ಒಂದು ಹಿಡಿ ನಟ್ಟು ಹಾಕಿ (ಎಣಿಸಿ ಹಾಕಿ, ಆಮೇಲೆ ಅಷ್ಟೂ ಹೊರಬರಬೇಕು!), ಒಂದು ದಿನ ಬಿಟ್ಟು ಚೆನ್ನಾಗಿ ಕುಲುಕಿ. ಅದು ಅವನ ಪಾಲು, ತೋಳು ಬಿದ್ದುಹೋಗುತ್ತದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ತೂತು ಕಂಡರೆ ಮನೆಯಲ್ಲಿ ವೆಲ್ಡಿಂಗ್ ಮಾತ್ರ ಬೇಡ, ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ. ಹಳೆ ರಬ್ಬರ್ ಪೈಪುಗಳನ್ನು ಸುಮ್ನೆ ಎಸೆದು ಹೊಸದು ಹಾಕಿ.

ಫಿಲ್ಟರಿನಲ್ಲಿ ಪೆಟ್ರೋಲ್ ತುಂಬಿ, ಸ್ವಚ್ಛವಾಗಿದ್ದೂ ಕಾರು ನಿಂತರೆ ನನ್ನ ಊಹೆ ತಪ್ಪು. ಆಗ ಕಿಡಿ ಹೊತ್ತಿಸುವ ಭಾಗಗಳಾದ ಬಿಸಿಯಾದ ಕಾಯಿಲ್ ಇರಬಹುದು, ಕಂಡೆನ್ಸರ್ ಇರಬಹುದು, ಇಲ್ಲವೇ ಪೆಟ್ರೋಲ್ ಪಂಪ್ ಕೂಡ. ಕಂಡೆನ್ಸರ್ ಅಗ್ಗ, ಅದನ್ನೇ ಮೊದಲು ಬದಲಿಸಿ ನೋಡಿ.