ಎಲೀನರ್ ರಾತ್‌ಬೋನ್: ಪಕ್ಷವಿಲ್ಲದ ಸಂಸದೆಯ ಯುದ್ಧಕಾಲ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪಕ್ಷೇತರ ಸಂಸದರು ಏನನ್ನಾದರೂ ಸಾಧಿಸಿದರೇ ಎಂದು ತಾವು ಕೇಳಿದ್ದೀರಿ. ಎಲೀನರ್ ರಾತ್‌ಬೋನ್ ಅವರನ್ನು ನೋಡಿದರೆ ಹೌದೆಂದೇ ಹೇಳಬೇಕಾಗುತ್ತದೆ. ಪದವೀಧರರೇ ಮತದಾರರಾಗಿದ್ದ ವಿಶ್ವವಿದ್ಯಾಲಯಗಳ ಕ್ಷೇತ್ರದಿಂದ 1929ರಲ್ಲಿ ಆಯ್ಕೆಯಾದ ಅವರು 1946ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿದ್ದರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರನ್ನೇ ಸರ್ಕಾರವು 1940ರಲ್ಲಿ ಶತ್ರುದೇಶದವರೆಂದು ಶಿಬಿರಗಳಲ್ಲಿ ಕೂಡಿಹಾಕಿದಾಗ, ರಾತ್‌ಬೋನ್ ಜನಾಭಿಪ್ರಾಯಕ್ಕೆ ಅಂಜದೆ ಆ ನಿರಾಶ್ರಿತರ ಬಿಡುಗಡೆಗಾಗಿ ಸದನದಲ್ಲಿ ಪಟ್ಟುಹಿಡಿದು ಪ್ರಶ್ನಿಸಿದರು. ಯುರೋಪಿನ ಯಹೂದಿಗಳನ್ನು ಪಾರುಮಾಡಬೇಕೆಂಬ ಅವರ ಮೊರೆಗೆ ಮಾತ್ರ ಸರ್ಕಾರ ಬಹುಮಟ್ಟಿಗೆ ಕಿವಿಗೊಡಲಿಲ್ಲ, ಇದು ನನಗೆ ಇಂದಿಗೂ ನೋವಿನ ಸಂಗತಿ. ಆದರೆ ದಶಕಗಳ ಕಾಲ ಅವರು ಹೋರಾಡಿದ, ಮಕ್ಕಳ ಪಾಲನೆಗೆ ಸರ್ಕಾರವೇ ಹಣ ಕೊಡುವ ಕುಟುಂಬ ಭತ್ಯೆಯ ಕಾಯಿದೆ 1945ರಲ್ಲಿ ಬಂದಿತು. ಹಣವು ತಂದೆಯ ಹಕ್ಕೆಂದಿದ್ದ ಮೂಲ ಮಸೂದೆಯನ್ನು ಅವರು ಬಲವಾಗಿ ವಿರೋಧಿಸಿದ್ದರಿಂದಲೇ, ಮೊದಲ ಮಗುವಿನ ನಂತರದ ಪ್ರತಿ ಮಗುವಿಗೆ ವಾರಕ್ಕೆ 5 ಷಿಲಿಂಗ್ ತಾಯಿಯ ಕೈಸೇರುವಂತಾಯಿತು.