ಹದಿಹರೆಯದವರ ಆರೋಗ್ಯ: ವೈದ್ಯರು ಎಲ್ಲಿ, ಹೇಗೆ ಕಲಿಯಬೇಕು?

ಪ್ರಶ್ನೆ: ನಾನು ಸಕಲೇಶಪುರದ ಸಮೀಪ ಹಲವು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿರುವ ಎಂಬಿಬಿಎಸ್ ವೈದ್ಯ. ಸಿಎಂಇ (ವೈದ್ಯರ ನಿರಂತರ ಕಲಿಕೆ) ಗಂಟೆಗಳೇನೋ ತುಂಬುತ್ತವೆ; ಆದರೆ ನಾನು ಹಾಜರಾದ ಉಪನ್ಯಾಸಗಳೆಲ್ಲ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗಗಳಿಗೆ ಸಂಬಂಧಿಸಿದವು. ಸುಸ್ತು, ತಲೆಸುತ್ತು, ಹೊಟ್ಟೆನೋವು ಎಂದು ಬರುವ ಹೈಸ್ಕೂಲು, ಪಿಯುಸಿ ಮಕ್ಕಳೂ ನನ್ನಲ್ಲಿ ಕಡಿಮೆಯೇನಲ್ಲ. ಅವರಿಗೆ ಟಾನಿಕ್ ಬರೆದು ಕಳಿಸುವುದರಾಚೆಗೆ ಕಲಿಯಲು ದಾರಿ ಯಾವುದು?

ಉತ್ತರ: ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯು 5 ವರ್ಷಕ್ಕೆ 30 ಗಂಟೆಗಳ ಕಲಿಕೆಯನ್ನು ನಿರೀಕ್ಷಿಸುತ್ತದೆಯೇ ಹೊರತು, ಆ ಗಂಟೆಗಳು ನಿಮ್ಮ ರೋಗಿಗಳಿಗೆ ಹೊಂದುತ್ತವೆಯೇ ಎಂದು ಕೇಳುವುದಿಲ್ಲ. ಔಷಧ ಕಂಪನಿಗಳ ನೆರವಿನಲ್ಲಿ ಹೋಟೆಲಿನ ಸಭಾಂಗಣದಲ್ಲಿ ನಡೆಯುವ ಉಪನ್ಯಾಸ ಜೀವಮಾನವಿಡೀ ಮಾತ್ರೆ ನುಂಗಬೇಕಾದ ಕಾಯಿಲೆಗಳ ಕಡೆಗೇ ವಾಲುವುದು ಸಹಜ. ಹದಿನಾಲ್ಕು ವರ್ಷದ ಹುಡುಗಿಯ ಸುಸ್ತಿನಿಂದ ಯಾರ ಮಾರಾಟವೂ ಹೆಚ್ಚುವುದಿಲ್ಲ. ನಾವು ಓದಿದ ಕ್ರಮದಲ್ಲಿಯೂ ಕೊರತೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವೆಂದು ಗುರುತಿಸುವ 10ರಿಂದ 19ರ ವಯಸ್ಸಿನವರು ಮಕ್ಕಳ ವಿಭಾಗಕ್ಕೂ ಜನರಲ್ ಮೆಡಿಸಿನ್ ವಿಭಾಗಕ್ಕೂ ನಡುವೆ ಜಾರಿಹೋಗಿದ್ದರು.

ನನ್ನ ಸಲಹೆಯೆಂದರೆ, ಕಲಿಕೆಯನ್ನು ನಿಮ್ಮ ಓಪಿಡಿ ರಿಜಿಸ್ಟರಿನಿಂದಲೇ ಆರಂಭಿಸಿ. ಕಳೆದ ತಿಂಗಳು ಬಂದ ಈ ವಯಸ್ಸಿನವರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಯಾರ ಎತ್ತರ, ತೂಕ ದಾಖಲಾಗಿದೆ, ಯಾರಿಗೆ ಹಿಮೋಗ್ಲೋಬಿನ್ ನೋಡಲಾಗಿದೆ, ಯಾರೊಡನೆ ಪೋಷಕರಿಲ್ಲದೆ ಎರಡು ನಿಮಿಷವಾದರೂ ಮಾತನಾಡಲಾಗಿದೆ ಎಂದು ಗುರುತು ಹಾಕಿ. ಖಾಲಿ ಬಿದ್ದ ಜಾಗಗಳೇ ನಿಮ್ಮ ಪಠ್ಯಕ್ರಮ.

ರಕ್ತಹೀನತೆಯನ್ನೇ ನೋಡಿ. 12ರಿಂದ 14 ವರ್ಷದವರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 15 ದಾಟಿದ ಹುಡುಗಿಯರಿಗೂ ಅದೇ ಅಳತೆ, ಹುಡುಗರಿಗೆ 13. ಕಣ್ಣಿನ ರೆಪ್ಪೆ ಎಳೆದು ನೋಡಿ ‘ರಕ್ತ ಸ್ವಲ್ಪ ಕಡಿಮೆ’ ಎನ್ನುವ ಅಭ್ಯಾಸ ಈ ಅಳತೆಗೆ ಸಾಲದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಅದು ತಡೆಗಟ್ಟುವ ಪ್ರಮಾಣವೇ ಹೊರತು ಚಿಕಿತ್ಸೆಯಲ್ಲ. ರಕ್ತಹೀನತೆ ಸೌಮ್ಯವೋ ಮಧ್ಯಮವೋ ಆಗಿದ್ದರೆ, ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಸೂಚನೆಯಂತೆ ಅಂಥ ಎರಡು ಮಾತ್ರೆಗಳನ್ನು ದಿನಕ್ಕೊಮ್ಮೆ, ಊಟದ ನಂತರ, ಮೂರು ತಿಂಗಳು ಕೊಡಬೇಕಾಗುತ್ತದೆ. 8 ಗ್ರಾಂಗಿಂತ ಕೆಳಗಿದ್ದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಜಂತುಹುಳುವಿನ ಮಾತ್ರೆ ಯಾವಾಗ ನುಂಗಿದ್ದು, ಮುಟ್ಟಿನ ಸ್ರಾವ ಎಷ್ಟು ದಿನ, ದಿನಕ್ಕೆ ಎಷ್ಟು ಬಟ್ಟೆ ಅಥವಾ ಪ್ಯಾಡ್ ಎಂಬುದನ್ನು ಕೇಳದೆ ಈ ಚಿಕಿತ್ಸೆ ಪೂರ್ಣವಾಗದು. ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ: ಕಾಫಿ, ಚಹಾ ಕಬ್ಬಿಣಾಂಶ ಮೈಗೂಡದಂತೆ ತಡೆಯುತ್ತವೆ. ತೋಟದ ಸೀಮೆಯಲ್ಲಿ ಮಾತ್ರೆಗೂ ಕಾಫಿಗೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ ಎಂದು ಹೇಳುವುದು ಮಾತ್ರೆ ಬರೆದಷ್ಟೇ ಮುಖ್ಯ.

ಆದರೆ ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಎನ್ನುವ, ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗದೆಯೂ ಹೊಟ್ಟೆನೋವು ಎನ್ನುವ ಮಕ್ಕಳ ವಿಷಯದಲ್ಲಿ ನಮಗೆ ಬೇಕಾದದ್ದು ಮಾತನಾಡಿಸುವ ಕೌಶಲ. ಹದಿಹರೆಯದವರ ವೈದ್ಯಕೀಯದಲ್ಲಿ ‘ಹೆಡ್ಸ್’ ಎಂಬ ಹೆಸರಿನ ಪ್ರಶ್ನಾಕ್ರಮವೊಂದು ದಶಕಗಳಿಂದ ಬಳಕೆಯಲ್ಲಿದೆ. ಮನೆ, ಓದು, ಊಟ, ಗೆಳೆಯರು ಎಂದು ಸುಲಭದ ಸಂಗತಿಗಳಿಂದ ಹೊರಟು ಮಾದಕ ವಸ್ತು, ಲೈಂಗಿಕತೆ, ಸಾಯುವ ಯೋಚನೆ ಎಂಬ ಕಷ್ಟದ ಪ್ರಶ್ನೆಗಳಿಗೆ ಮೆಲ್ಲಗೆ ಬರುವುದು ಅದರ ಜಾಣತನ. ಹದಿಹರೆಯದ ಖಿನ್ನತೆ ಅಳುವಿನ ರೂಪದಲ್ಲಿಯೇ ಕಾಣಿಸಿಕೊಳ್ಳಬೇಕೆಂದಿಲ್ಲ. ಸಿಡುಕು, ನಿದ್ದೆಗೇಡು, ಶಾಲೆಗೆ ಹೋಗಲೊಲ್ಲದಿರುವುದು ಇವೂ ಅದರ ಚಿಹ್ನೆಗಳೇ. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಿರಾಧಾರ. ಉತ್ತರ ‘ಹೌದು’ ಎಂದಾದರೆ ಮಗುವನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳು ಮನೆಯ ಯಾವ ಮೂಲೆಯಲ್ಲಿವೆ ಎಂದು ಹಿರಿಯರನ್ನು ಕೇಳಿ, ಅವುಗಳಿಗೆ ಬೀಗ ಹಾಕಿಸಿ, ಅಂದೇ ಮನೋವೈದ್ಯರನ್ನು ಸಂಪರ್ಕಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು.

ಇದನ್ನು ಉಪನ್ಯಾಸ ಕೇಳಿ ಕಲಿಯಲಾಗದು. ಈಜು ಕಲಿಯುವವನು ನೀರಿಗಿಳಿಯಲೇಬೇಕಾದಂತೆ, ಇಲ್ಲಿಯೂ ಒಬ್ಬರು ರೋಗಿಯಾಗಿ, ಒಬ್ಬರು ತಾಯಿಯಾಗಿ, ಒಬ್ಬರು ವೈದ್ಯರಾಗಿ ಕುಳಿತು ಅಭ್ಯಾಸ ಮಾಡಬೇಕು. ಸಕಲೇಶಪುರ, ಆಲೂರು, ಬೇಲೂರಿನ ನಾಲ್ಕೈದು ವೈದ್ಯರು ತಿಂಗಳಿಗೊಮ್ಮೆ ಸೇರಿ, ಹೆಸರು ಹೇಳದೆ ಎರಡು ಪ್ರಕರಣಗಳನ್ನು ಚರ್ಚಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ವಿಭಾಗದವರನ್ನೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನೋ ಸರದಿಯ ಮೇಲೆ ಆಹ್ವಾನಿಸಬಹುದು. ನಿಮ್ಹಾನ್ಸ್ ನಡೆಸುವ ‘ಎಕೋ’ ಮಾದರಿಯ ಆನ್‌ಲೈನ್ ತರಬೇತಿಯೂ ಇದೇ ರೀತಿ ಪ್ರಕರಣಗಳ ಚರ್ಚೆಯ ಮೇಲೆಯೇ ನಿಂತಿದೆ. ಸಿಎಂಇ ಕ್ರೆಡಿಟ್ ಸಿಗುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ, ಆದರೆ ಸಿಗದಿದ್ದರೆ ಹೋಗುವುದೇ ಬೇಡವೆಂದುಕೊಳ್ಳಬೇಡಿ.

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯಾಧಿಕಾರಿ. ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ಮಾತನಾಡಿಸಿದರೆ, ಅವಳು ಹೇಳಿದ್ದನ್ನು ಗುಟ್ಟಾಗಿ ಇಡಬಹುದೇ? ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ ಭಯದಿಂದ ನಮ್ಮಲ್ಲಿ ಅನೇಕರು ಕೇಳುವುದನ್ನೇ ಬಿಟ್ಟಿದ್ದಾರೆ.

ಉತ್ತರ: ಕೇಳದೆ ಇರುವುದು ವೈದ್ಯರಿಗೆ ನೆಮ್ಮದಿ ಕೊಟ್ಟೀತು, ಹುಡುಗಿಗೆ ಅಪಾಯ. ಸರಿಯಾದ ಕ್ರಮವೆಂದರೆ ತಾಯಿ ಮಗಳಿಬ್ಬರೂ ಎದುರಿಗಿರುವಾಗಲೇ, ‘ಈ ವಯಸ್ಸಿನವರೆಲ್ಲರೊಡನೆ ನಾನು ಸ್ವಲ್ಪ ಹೊತ್ತು ಬೇರೆಯಾಗಿ ಮಾತನಾಡುತ್ತೇನಮ್ಮ, ಹೊರಗೆ ಕೂತಿರಿ’ ಎಂದು ಹೇಳುವುದು. ಎಲ್ಲರಿಗೂ ಹೀಗೆಯೇ ಎಂದಾಗ ಯಾರಿಗೂ ಅನುಮಾನ ಬರುವುದಿಲ್ಲ. ಪುರುಷ ವೈದ್ಯರಾದರೆ ನರ್ಸ್ ಒಬ್ಬರು ಕಣ್ಣಳತೆಯಲ್ಲಿರಲಿ. ಗೋಪ್ಯತೆಯ ಮಿತಿಯನ್ನು ಹುಡುಗಿಗೆ ಮೊದಲೇ ತಿಳಿಸಬೇಕು: ‘ನಿನ್ನ ಮಾತು ನನ್ನಲ್ಲಿಯೇ ಇರುತ್ತದೆ, ನಿನ್ನ ಜೀವಕ್ಕೆ ಅಪಾಯವಿದ್ದರೆ ಅಥವಾ ಕಾನೂನು ಹೇಳಲೇಬೇಕೆಂದರೆ ಮಾತ್ರ ಬೇರೆಯವರಿಗೆ ತಿಳಿಸುತ್ತೇನೆ, ಅದನ್ನೂ ನಿನಗೆ ಹೇಳಿಯೇ ಮಾಡುತ್ತೇನೆ’ ಎಂದು. ಹೇಳಿಸಿಕೊಂಡ ಮೇಲೆ ಕಾನೂನು ತೆಗೆಯುವುದು ವಂಚನೆಯಾಗುತ್ತದೆ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರು ಲೈಂಗಿಕ ಸಂಬಂಧಕ್ಕೆ ಕೊಡುವ ಒಪ್ಪಿಗೆಗೆ ಮಾನ್ಯತೆಯಿಲ್ಲ. ಅಪರಾಧ ನಡೆದಿದೆಯೆಂದು ತಿಳಿದವರು 19ನೇ ಸೆಕ್ಷನ್‌ನಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಗರ್ಭಪಾತಕ್ಕೆ ಬರುವ ಅಪ್ರಾಪ್ತೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಮುಖ್ಯವಾದ ಸಡಿಲಿಕೆ ಕೊಟ್ಟಿದೆ: ಹುಡುಗಿಯೂ ಪೋಷಕರೂ ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಬಹಿರಂಗಪಡಿಸಬೇಕಿಲ್ಲ. ಮಾಹಿತಿ ಕೊಡುವ ಹೊಣೆ ಮಾತ್ರ ಉಳಿದೇ ಇದೆ. ತುರ್ತು ಚಿಕಿತ್ಸೆಗೆ ಪೊಲೀಸರ ಪತ್ರ ತನ್ನಿ ಎಂದು ಕೇಳುವುದಂತೂ 2020ರ ಪೋಕ್ಸೊ ನಿಯಮಗಳಿಗೆ ವಿರುದ್ಧ. ನಿಮ್ಮ ಜಿಲ್ಲೆಯಲ್ಲಿ ಮುಂದೆ ನಡೆಯುವ ತರಬೇತಿಗೆ ಮಕ್ಕಳ ತಜ್ಞರ ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನೂ ಕರೆಸಿ. ಈ ವಿಷಯವನ್ನು ವೈದ್ಯರೇ ವೈದ್ಯರಿಗೆ ಹೇಳಿದರೆ ಅರ್ಧ ಮಾತ್ರ ತಿಳಿಸಿದಂತಾಗುತ್ತದೆ.

ಪ್ರಶ್ನೆ: ನಾನು ಕೊಪ್ಪದ ಬಳಿ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಇಂಥ ತರಬೇತಿಗಳು ವೈದ್ಯರಿಗೆ ಮಾತ್ರವೇ?

ಉತ್ತರ: ಆಗಬಾರದು. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಮೊದಲು ಕಾಣುವುದು ಆಶಾ ಕಾರ್ಯಕರ್ತೆಯನ್ನು, ನಿಮ್ಮನ್ನು, ಶಾಲೆಯ ಮೇಷ್ಟ್ರನ್ನು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮ ರಾಜ್ಯದಲ್ಲಿ ಹದಿಹರೆಯದವರಿಗಾಗಿ ನಡೆಯುವ ಸ್ನೇಹ ಕ್ಲಿನಿಕ್‌ಗಳ ಆಪ್ತಸಮಾಲೋಚಕರಿಂದ ಮೇಲೆ ಹೇಳಿದ ‘ಹೆಡ್ಸ್’ ಪ್ರಶ್ನಾಕ್ರಮವನ್ನು ನೀವೂ ಕಲಿಯಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೂ ಎರಡು ಬಾರಿ ಅಂಗನವಾಡಿಗಳಿಗೂ ಬಂದು ತಪಾಸಣೆ ಮಾಡಬೇಕೆಂಬುದು ವ್ಯವಸ್ಥೆ. ಅವರು ನಿಮ್ಮ ವ್ಯಾಪ್ತಿಯಿಂದ ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟ ಮಕ್ಕಳ ಪಟ್ಟಿಯನ್ನು ಕೇಳಿ ಪಡೆದು, ಎಷ್ಟು ಮಂದಿ ನಿಜವಾಗಿ ಅಲ್ಲಿಗೆ ತಲುಪಿದರು, ಉಳಿದವರು ಬಸ್ಸಿನ ಖರ್ಚಿಗೋ ಕೂಲಿ ತಪ್ಪುವ ಭಯಕ್ಕೋ ಹಿಂದುಳಿದರೇ ಎಂದು ಮನೆಮನೆಗೆ ಹೋಗಿ ವಿಚಾರಿಸಿ, ಆ ಪಟ್ಟಿಯೊಡನೆ ನಿಮ್ಮ ವೈದ್ಯಾಧಿಕಾರಿಗಳ ಮಾಸಿಕ ಸಭೆಗೆ ಬನ್ನಿ.